ಓದುಗರಿಗೆ ಪ್ರವೇಶವಿಲ್ಲ

ಹಳೆಯ ಕಾಮಿಕ್ಸ್ ಸಂಗ್ರಹದ ಲೋಕದಲ್ಲಿ ಓದುಗನಷ್ಟು ವಿನಾಶಕಾರಿ ಜೀವಿ ಮತ್ತೊಂದಿಲ್ಲ. ಬಿಸಿಲು, ತೇವ, ಗೆದ್ದಲು ಇವೆಲ್ಲ ಪುಸ್ತಕದ ಶತ್ರುಗಳೇ ಆದರೂ ಅವುಗಳಿಗೆ ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಲಕೋಟೆ, ಆಮ್ಲರಹಿತ ರಟ್ಟು, ತಂಪಾದ ಕತ್ತಲ ಕಪಾಟು ಎಂಬ ಮದ್ದುಗಳಿದ್ದವು. ನಾಲಗೆಗೆ ಬೆರಳು ತಾಗಿಸಿ ಹಾಳೆ ಮಗುಚುವ, ಮುಖಪುಟವನ್ನು ಹಿಂದಕ್ಕೆ ಮಡಚಿ ಹಿಡಿಯುವ, ಓದಿ ಮುಗಿಸಿದ ಮೇಲೆ ಗೆಳೆಯನಿಗೆ ಎರವಲು ಕೊಡುವ ಓದುಗನಿಗೆ ಮಾತ್ರ ಬಹುಕಾಲ ಮದ್ದೇ ಇರಲಿಲ್ಲ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಆರಂಭವಾದ ಸಿಜಿಸಿ ಎಂಬ ಗ್ರೇಡಿಂಗ್ ಸಂಸ್ಥೆಯು ಆ ಕೊರತೆಯನ್ನೂ ನೀಗಿಸಿತು. ಅಲ್ಲಿಯ ಪರಿಣತರು ಪುಸ್ತಕವನ್ನು ಪರೀಕ್ಷಿಸಿ, 0.5ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಮುದ್ರೆ ಒತ್ತಿಬಿಡುತ್ತಾರೆ. ಪೆಟ್ಟಿಗೆಯನ್ನು ಒಡೆದರೆ ಅಂಕಕ್ಕೆ ಮಾನ್ಯತೆಯಿಲ್ಲ. ಮುಂದಿನ ಮತ್ತು ಹಿಂದಿನ ಹೊದಿಕೆಗಳು ಕಾಣುತ್ತವೆ. ಒಳಗಿನ ಹಾಳೆಗಳು ಬೆಳ್ಳಗಿವೆಯೋ ಕೆನೆಬಣ್ಣಕ್ಕೆ ತಿರುಗಿವೆಯೋ ಎಂಬುದನ್ನು ಮೇಲಿನ ಚೀಟಿಯೇ ತಿಳಿಸುತ್ತದೆ. ಕಥೆ ಹೇಗಿದೆ ಎಂಬುದನ್ನು ಚೀಟಿ ತಿಳಿಸುವುದಿಲ್ಲ, ಯಾರೂ ಕೇಳಿದ್ದೂ ಇಲ್ಲ.

ಈ ಅಂಕಶಾಸ್ತ್ರದ ಸೂಕ್ಷ್ಮವನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಅದರ ಘನತೆ ತಿಳಿದೀತು. ಪುಸ್ತಕದ ಬೆನ್ನಿನಲ್ಲಿ, ಪಿನ್ನು ಹೊಡೆದ ಜಾಗದ ಪಕ್ಕದಲ್ಲಿ, ಮುಖಪುಟವನ್ನು ಒಮ್ಮೆ ತೆರೆದದ್ದಕ್ಕೆ ಸಾಕ್ಷಿಯಾಗಿ ಕೂದಲೆಳೆಯಷ್ಟು ಬಿಳಿ ಗೆರೆಯೊಂದು ಮೂಡುತ್ತದೆ. ಬರಿಗಣ್ಣಿಗೆ ಕಾಣಲಿಕ್ಕೆ ಪುಸ್ತಕವನ್ನು ದೀಪದ ಕೆಳಗೆ ಓರೆಯಾಗಿ ಹಿಡಿಯಬೇಕು. ಅಂಥ ಎರಡು ಗೆರೆಗಳು 9.8 ಅಂಕದ ಪುಸ್ತಕವನ್ನು 9.6ಕ್ಕೆ ಇಳಿಸಬಲ್ಲವು, ಬೆಲೆಯನ್ನು ಅರ್ಧಕ್ಕೂ ಕೆಳಗೆ ತಳ್ಳಬಲ್ಲವು. ಇದಕ್ಕೆ ಒಂದು ನೀತಿಸಂಹಿತೆಯೂ ಇದೆ. ಬಿಸಿ ಮತ್ತು ಒತ್ತಡ ಕೊಟ್ಟು ಪುಸ್ತಕಕ್ಕೆ ಇಸ್ತ್ರಿ ಮಾಡಿಸಿ ಸುಕ್ಕು ತೆಗೆಸುವುದು ಧರ್ಮಸಮ್ಮತ. ಅದೇ ಸುಕ್ಕಿನ ಮೇಲೆ ಸಾಸಿವೆಯಷ್ಟು ಬಣ್ಣ ಹಚ್ಚಿದರೆ ಅದು ಮಹಾಪಾಪವಾಗಿ, ಪುಸ್ತಕಕ್ಕೆ 'ದುರಸ್ತಿಯಾದದ್ದು' ಎಂದು ಸಾರುವ ನೇರಳೆ ಚೀಟಿಯ ಕಳಂಕ ಅಂಟಿಕೊಳ್ಳುತ್ತದೆ. ಹಸ್ತಾಕ್ಷರದ ವಿಚಾರವಂತೂ ಕಾನೂನು ಕಾಲೇಜಿನ ಪಠ್ಯವಾಗಲು ಯೋಗ್ಯವಾಗಿದೆ. ಚಿತ್ರಕಾರರು ನಿಮ್ಮ ಕಣ್ಣೆದುರೇ ಮುಖಪುಟದ ಮೇಲೆ ಸಹಿ ಹಾಕಿಕೊಟ್ಟರೂ, ಪಕ್ಕದಲ್ಲಿ ಸಂಸ್ಥೆಯ ಅಧಿಕೃತ ಸಾಕ್ಷಿದಾರ ನಿಂತಿರದಿದ್ದರೆ, ಅದು ಬಹುಕಾಲ ಸಹಿಯಾಗಿರಲಿಲ್ಲ, ಯಾರೋ ಗೀಚಿದ ಶಾಯಿಯ ಕಲೆಯಾಗಿತ್ತು. ಸೃಷ್ಟಿಕರ್ತನೇ ತನ್ನ ಸೃಷ್ಟಿಯನ್ನು ಹಾಳುಮಾಡಿದನೆಂದು ಅಂಕ ಕಡಿತಗೊಳಿಸುವ ವ್ಯವಸ್ಥೆ ಸಾಹಿತ್ಯ ವಿಮರ್ಶೆಯಲ್ಲಿಯೂ ಇಷ್ಟು ಕಟ್ಟುನಿಟ್ಟಾಗಿಲ್ಲ.

ಓದುಗನಿಗೆ ಶಿಕ್ಷೆ ವಿಧಿಸುವುದರಲ್ಲಿ ಈ ಲೋಕ ಪ್ರಕಾಶಕರ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 1974ರಲ್ಲಿ ಮಾರ್ವೆಲ್ ಕಂಪನಿಯು ತನ್ನ ಪುಸ್ತಕಗಳ ಒಳಪುಟದಲ್ಲಿ ಬಣ್ಣದ ಸ್ಟ್ಯಾಂಪುಗಳನ್ನು ಮುದ್ರಿಸಿ, ಅವನ್ನು ಕತ್ತರಿಸಿ ಸಂಗ್ರಹಿಸಿರೆಂದು ಮಕ್ಕಳನ್ನು ಹುರಿದುಂಬಿಸಿತು. ಮಕ್ಕಳು ವಿಧೇಯತೆಯಿಂದ ಕತ್ತರಿ ಹಿಡಿದರು. ವುಲ್ವರೀನ್ ಎಂಬ ನಾಯಕ ಮೊದಲ ಬಾರಿಗೆ ಪೂರ್ಣವಾಗಿ ಕಾಣಿಸಿಕೊಂಡ ಹಲ್ಕ್ ಮಾಲಿಕೆಯ 181ನೇ ಸಂಚಿಕೆಯಲ್ಲಿಯೂ ಅಂಥದೊಂದು ಸ್ಟ್ಯಾಂಪು ಇತ್ತು. ಇಂದು ಆ ಸಂಚಿಕೆಯನ್ನು ಕೊಳ್ಳುವವರು ವುಲ್ವರೀನನ ಮುಖ ನೋಡುವುದಕ್ಕೆ ಮೊದಲು ಸ್ಟ್ಯಾಂಪು ಇದೆಯೇ ಎಂದು ತಡಕುತ್ತಾರೆ. ಇಲ್ಲದಿದ್ದರೆ ಬೆಲೆ ಪಾತಾಳಕ್ಕಿಳಿಯುತ್ತದೆ. ಹೇಳಿದ ಮಾತು ಕೇಳಿದ ಮಗುವಿನ ಪುಸ್ತಕ ರದ್ದಿ, ಕೇಳದೆ ಸೋಮಾರಿಯಾಗಿ ಕುಳಿತ ಮಗುವಿನ ಪುಸ್ತಕ ಆಸ್ತಿ.

ತಮಾಷೆಯೆಂದರೆ ಈ ಆಸ್ತಿಗೆ ಬೆಲೆ ತಂದುಕೊಟ್ಟವರು ಓದಿ ಎಸೆದವರೇ. 1938ರ ಜೂನ್ ತಿಂಗಳ ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆ, ಸೂಪರ್‌ಮ್ಯಾನ್ ಹುಟ್ಟಿದ ಸಂಚಿಕೆ, ಸುಮಾರು ಎರಡು ಲಕ್ಷ ಪ್ರತಿ ಅಚ್ಚಾಗಿ 10 ಸೆಂಟಿಗೆ ಮಾರಾಟವಾಯಿತು. ಮಕ್ಕಳು ಅದನ್ನು ಓದಿ ಹರಿದರು, ತಾಯಂದಿರು ಮನೆ ಗುಡಿಸುವಾಗ ಹೊರಗೆ ಹಾಕಿದರು, ಎರಡನೇ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದ ಸಂಗ್ರಹಿಸಲು ಬಂದವರು ಉಳಿದದ್ದನ್ನು ಹೊತ್ತೊಯ್ದರು. ಈಗ ಉಳಿದಿರುವುದು ನೂರರ ಆಸುಪಾಸು ಎಂಬುದು ಬಲ್ಲವರ ಅಂದಾಜು. 2024ರಲ್ಲಿ ಅದರ ಒಂದು ಪ್ರತಿ 60 ಲಕ್ಷ ಡಾಲರಿಗೆ ಹರಾಜಾಯಿತು. ಸೂಪರ್‌ಮ್ಯಾನನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶಸ್ಟರ್ ಎಂಬ ಇಬ್ಬರು ಯುವಕರು ಪಾತ್ರದ ಸಂಪೂರ್ಣ ಹಕ್ಕನ್ನು ಬರೆದುಕೊಟ್ಟು ಪಡೆದದ್ದು 130 ಡಾಲರ್. ಅವರಿಗೆ ಅನ್ಯಾಯವಾಯಿತೆಂದು ಮರುಗುವವರಿಗೆ ಸಮಾಧಾನದ ಸುದ್ದಿಯೊಂದಿದೆ: ಆ 130 ಡಾಲರ್ ಸೇರಿಸಿ ಒಟ್ಟು 412 ಡಾಲರಿಗೆ ಬರೆದುಕೊಟ್ಟಿದ್ದ ಚೆಕ್ಕು 2012ರಲ್ಲಿ 1,60,000 ಡಾಲರಿಗೆ ಹರಾಜಾಯಿತು. ಅನ್ಯಾಯಕ್ಕೂ ಕೊನೆಗೆ ಒಳ್ಳೆಯ ಬೆಲೆ ಬಂತು. ಬಂದದ್ದು ಅನ್ಯಾಯಕ್ಕೊಳಗಾದವರಿಗಲ್ಲ, ಅಷ್ಟೇ.

ಎಸೆದದ್ದರಿಂದ ಬೆಲೆ ಬಂತೆಂಬ ಈ ಸರಳ ಗಣಿತವನ್ನು ಸಂಗ್ರಾಹಕರು 1990ರ ದಶಕದ ಆರಂಭದಲ್ಲಿ ಸಾಮೂಹಿಕವಾಗಿ ಮರೆತರು. 1991ರಲ್ಲಿ ಎಕ್ಸ್-ಮೆನ್ ಮೊದಲ ಸಂಚಿಕೆ ಐದು ಬೇರೆಬೇರೆ ಮುಖಪುಟಗಳೊಂದಿಗೆ ಬಂದು 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು; ಒಳಗಿನ ಕಥೆ ಐದರಲ್ಲಿಯೂ ಒಂದೇ. 1992ರಲ್ಲಿ ಸೂಪರ್‌ಮ್ಯಾನ್ ಸತ್ತಾಗ ಆ ಸಂಚಿಕೆ ಕಪ್ಪು ಚೀಲದಲ್ಲಿ, ತೋಳಿಗೆ ಕಟ್ಟಿಕೊಳ್ಳುವ ಶೋಕದ ಪಟ್ಟಿಯ ಸಮೇತ ಬಂತು. ಚೀಲ ಒಡೆದು ಅತ್ತವರಿಗಿಂತ, ಒಡೆಯದೆ ಕಪಾಟಿನಲ್ಲಿಟ್ಟು ಮಕ್ಕಳ ಕಾಲೇಜು ಶುಲ್ಕದ ಲೆಕ್ಕ ಹಾಕಿದವರೇ ಹೆಚ್ಚಿರಬೇಕು. ಎಲ್ಲರೂ ಕಾಪಾಡಿದ್ದರಿಂದ ಯಾರಿಗೂ ಬೇಡವಾಯಿತು. ಮಾರುಕಟ್ಟೆ ಕುಸಿದು ಅಂಗಡಿಗಳು ಸಾಲಾಗಿ ಮುಚ್ಚಿದವು, 1996ರಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಸೂಪರ್‌ಮ್ಯಾನ್ ಮರುವರ್ಷವೇ ಎದ್ದು ಬಂದ. ಅವನ ಶವಪೆಟ್ಟಿಗೆಯಲ್ಲಿ ಹೂಡಿದ ಹಣ ಏಳಲಿಲ್ಲ.

ಇನ್ನು ಕಾಮಿಕ್ಸ್ ಮೇಳಗಳು. ಅಮೆರಿಕದ ಸ್ಯಾನ್ ಡಿಯಾಗೋ ಮೇಳವು 1970ರಲ್ಲಿ ಹೋಟೆಲೊಂದರಲ್ಲಿ ಸುಮಾರು ಮುನ್ನೂರು ಜನರೊಂದಿಗೆ ಶುರುವಾಗಿ, ಈಗ 1,30,000ಕ್ಕೂ ಹೆಚ್ಚು ಜನ ಸೇರುವ ಜಾತ್ರೆಯಾಗಿದೆ. ಅವರಲ್ಲಿ ಸಹಸ್ರಾರು ಮಂದಿ ಇನ್ನೂ ಬಿಡುಗಡೆಯಾಗದ ಸಿನಿಮಾದ ಜಾಹೀರಾತನ್ನು ಎಲ್ಲರಿಗಿಂತ ಮೊದಲು ನೋಡುವ ಭಾಗ್ಯಕ್ಕಾಗಿ ರಾತ್ರಿಯೆಲ್ಲ ಸರದಿಯಲ್ಲಿ ಮಲಗುತ್ತಾರೆ. ಸಣ್ಣ ಮೇಳಗಳೇ ಇದಕ್ಕಿಂತ ಪ್ರಾಮಾಣಿಕವಾದವು ಎನ್ನುವುದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಕಾಮಿಕ್ಸ್ ಪುಸ್ತಕಗಳಾದರೂ ಇರುತ್ತವೆ. ಉದ್ದನೆಯ ರಟ್ಟಿನ ಪೆಟ್ಟಿಗೆಗಳಲ್ಲಿ ಅವು ನಿಂತಿರುತ್ತವೆ. ನಡುವಯಸ್ಸಿನ ಗಂಡಸರು ಎಡಗೈಯಲ್ಲಿ ಫೋನು ಹಿಡಿದು, ಬಲಗೈಯ ಎರಡು ಬೆರಳುಗಳಿಂದ ಒಂದೊಂದನ್ನೇ ಮುಂದಕ್ಕೆ ವಾಲಿಸುತ್ತ, ಹರಾಜಿನ ದರವನ್ನು ತಾಳೆ ನೋಡುತ್ತಾರೆ. ಮೇಜಿನ ಹಿಂದಿನ ಗೋಡೆಯಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಗಳ ಸಾಲು. ಅಪ್ಪನ ಕೈ ಬಿಡಿಸಿಕೊಂಡ ಮಗುವೊಂದು ಪುಸ್ತಕವೊಂದನ್ನು ಲಕೋಟೆಯಿಂದ ಹೊರಗೆಳೆದು ಚಿತ್ರ ನೋಡತೊಡಗಿದರೆ ಸಾಕು, ವ್ಯಾಪಾರಿ, ಅಪ್ಪ, ಪಕ್ಕದಲ್ಲಿ ನಿಂತ ಅಪರಿಚಿತರು ಏಕಕಂಠದಿಂದ "ಮುಟ್ಟಬೇಡ!" ಎನ್ನುತ್ತಾರೆ. ಮಕ್ಕಳಿಗೆಂದೇ ಅಚ್ಚಾದ ಸರಕಿನಿಂದ ಮಕ್ಕಳನ್ನು ಇಷ್ಟು ಒಗ್ಗಟ್ಟಿನಿಂದ ಕಾಯುವ ಜನಸಮೂಹ ಬೇರೆಲ್ಲಿಯೂ ಸಿಗಲಾರದು. ಓದಲೇಬೇಕೆಂಬ ಹಟವಿದ್ದವರಿಗೆ ಮೇಜಿನ ಕೆಳಗೆ ಬೇರೆ ಪೆಟ್ಟಿಗೆಯಿದೆ. ಮುಖಪುಟ ಹರಿದ, ಪಿನ್ನು ತುಕ್ಕು ಹಿಡಿದ, ಯಾವುದೋ ಹುಡುಗ ಖಳನಾಯಕನಿಗೆ ಪೆನ್ಸಿಲಿನಲ್ಲಿ ಮೀಸೆ ಬರೆದ ಪ್ರತಿಗಳು ಅಲ್ಲಿ ರಾಶಿಯಾಗಿರುತ್ತವೆ, ಮತ್ತು ಅವನ್ನು ತೆಗೆದುಕೊಳ್ಳಬೇಕಾದರೆ ಮೊಣಕಾಲೂರಬೇಕು.

ಪ್ರಕಾಶಕರು ಕಾಲದ ಇಂಗಿತವನ್ನು ಅರಿತಿದ್ದಾರೆ. ಮುಖಪುಟದಲ್ಲಿ ಹೆಸರಿನ ಹೊರತು ಏನನ್ನೂ ಮುದ್ರಿಸದ, ಬಿಳಿಯ ದಪ್ಪ ಕಾಗದದ ಖಾಲಿ ಆವೃತ್ತಿಗಳು ಈಗಾಗಲೇ ಮಾರಾಟದಲ್ಲಿವೆ. ಮೇಳದಲ್ಲಿ ಚಿತ್ರಕಾರರಿಂದ ಅದರ ಮೇಲೆ ಚಿತ್ರ ಬರೆಸಿಕೊಳ್ಳಲಿ ಎಂಬುದು ಉದ್ದೇಶವಾದರೂ, ಖಾಲಿಯಾಗಿಯೇ ಕಾಪಾಡಿಕೊಳ್ಳುವವರೂ ಇದ್ದಾರೆ. ಹೊದಿಕೆಗೆ ಒಪ್ಪಿಗೆಯಾದ ಈ ಸುಧಾರಣೆಯನ್ನು ಒಳಹಾಳೆಗಳಿಗೂ ವಿಸ್ತರಿಸಲು ತಡವೇಕೆಂದು ತಿಳಿಯದು. ಪೆಟ್ಟಿಗೆಯೊಳಗೆ ಹೇಗೂ ಕಾಣದ ಪುಟಗಳಿಗೆ ಶಾಯಿ ದಂಡ. ಖಾಲಿ ಹಾಳೆ ಚೀಟಿಯಲ್ಲಿ ಬೆಳ್ಳಗೆಂದೇ ದಾಖಲಾಗುತ್ತದೆ, ಕತ್ತರಿಸಲು ಸ್ಟ್ಯಾಂಪು ಇರುವುದಿಲ್ಲ, ತೆರೆದು ನೋಡುವ ಆಸೆ ಯಾರಿಗೂ ಹುಟ್ಟುವುದಿಲ್ಲ. ಕಥೆಗಾರರ ಸಂಭಾವನೆಯೊಂದರಲ್ಲಿ ಮಾತ್ರ ಹೆಚ್ಚಿನ ಉಳಿತಾಯವನ್ನು ನಿರೀಕ್ಷಿಸಬಾರದು; ಅದನ್ನು 1938ರಲ್ಲಿಯೇ ಉಳಿಸಿಯಾಗಿದೆ.