ಒದ್ದೆಯಾದ ಮೇಲೂ ಬೆಚ್ಚಗಿರುವ ಕೈಗವಸು

ಅಮೆರಿಕದ ಮಿನೆಸೋಟಾಕ್ಕೆ ಬಂದು 11 ವರ್ಷವಾಯಿತು. ಇಲ್ಲಿನ ಚಳಿಗಾಲದಲ್ಲಿ ನನ್ನನ್ನು ಮನೆಯಿಂದ ಹೊರಗೆ ಎಳೆಯುವುದು ಒಂದೇ: ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು, ಮಂಜುಗಡ್ಡೆಗೆ ತೂತು ಕೊರೆದು ಗಾಳ ಬಿಡುವುದು. ನಾನು ಹೋಗುವುದು ಮಿಲ್ ಲ್ಯಾಕ್ಸ್ ಅನ್ನುವ ಕೆರೆಗೆ. ಹೆಸರಿಗೆ ಕೆರೆ, 500 ಚದರ ಕಿಲೋಮೀಟರಿಗೂ ಜಾಸ್ತಿ ಇದೆ. ಜನವರಿಯಲ್ಲಿ ಅದರ ಮೇಲೆ ಕಾರುಗಳೇ ಓಡಾಡುತ್ತವೆ.

ಪ್ರತಿ ವರ್ಷ ನಮ್ಮ ಕನ್ನಡದವರಲ್ಲಿ ಯಾರಾದರೊಬ್ಬರು ಹೊಸಬರು ಜೊತೆಗೆ ಬರುತ್ತಾರೆ. ಬರುವ ಮೊದಲು ಕೇಳುವುದು ಒಂದೇ ಪ್ರಶ್ನೆ, "ಯಾವ ಗ್ಲೌಸ್ ತಗೊಳ್ಳಲಿ?" ನಾನು ಹೇಳುವುದೂ ಒಂದೇ ಮಾತು. ನೀರು ಒಳಗೆ ಬರದ ಗ್ಲೌಸ್ ಹುಡುಕಿಕೊಂಡು ದುಡ್ಡು ಹಾಕಬೇಡಿ. ಒದ್ದೆಯಾದ ಮೇಲೂ ಬೆಚ್ಚಗಿರುವುದನ್ನು ಹುಡುಕಿ. ಮೀನು ಹಿಡಿಯುವವನ ಕೈ ಒದ್ದೆಯಾಗದೆ ಇರುವುದಿಲ್ಲ.

ಇದು ನನಗೆ ಮೊದಲ ವರ್ಷವೇ ಗೊತ್ತಾಯಿತು. ದೊಡ್ಡ ಅಂಗಡಿಯೊಂದರಲ್ಲಿ ದಪ್ಪನೆಯ, ದುಬಾರಿ ಗ್ಲೌಸ್ ಕೊಂಡಿದ್ದೆ. ಪೂರ್ತಿ ವಾಟರ್‌ಪ್ರೂಫ್ ಅಂತ ಬರೆದಿತ್ತು. ಅವತ್ತು ಮೈನಸ್ 22 ಡಿಗ್ರಿ. ಬಕೆಟ್ಟಿನಲ್ಲಿದ್ದ ಸಣ್ಣ ಜೀವಂತ ಮೀನನ್ನು ಹಿಡಿದು ಗಾಳಕ್ಕೆ ಸಿಕ್ಕಿಸಬೇಕು. ಅಷ್ಟು ದಪ್ಪ ಬೆರಳಲ್ಲಿ ಅದು ಆಗುವ ಕೆಲಸವೇ ಅಲ್ಲ. ಗ್ಲೌಸ್ ತೆಗೆದೆ, ಬಕೆಟ್ಟಿಗೆ ಕೈ ಹಾಕಿದೆ, ಒದ್ದೆ ಕೈಯನ್ನೇ ಮತ್ತೆ ಒಳಗೆ ತೂರಿಸಿದೆ. ಮೂರನೇ ಸಲ ತೆಗೆಯುವಾಗ ಒಳಗಿನ ಬಟ್ಟೆ ಕೈಗೆ ಅಂಟಿಕೊಂಡು, ಬೆರಳು ಬೆರಳೂ ತಿರುಗುಮುರುಗಾಗಿ ಹೊರಗೆ ಬಂತು. ಮತ್ತೆ ಒಳಗೆ ತಳ್ಳಲು ಆಗಲಿಲ್ಲ. ಹೊರಗಿನ ನೀರನ್ನು ತಡೆಯುವ ಗ್ಲೌಸ್, ಒಳಗೆ ಸೇರಿದ ನೀರನ್ನೂ ಹೊರಗೆ ಬಿಡುವುದಿಲ್ಲ ಅಲ್ವಾ? ಬೆರಳು ಮೊದಲು ಉರಿಯಿತು, ಆಮೇಲೆ ನೋವೇ ಇಲ್ಲ. ದಾರಕ್ಕೆ ಗಂಟು ಹಾಕಲು ಹೋದರೆ ಹೆಬ್ಬೆರಳು ತೋರುಬೆರಳನ್ನು ಮುಟ್ಟಿದ್ದೇ ತಿಳಿಯಲಿಲ್ಲ.

ಪಕ್ಕದ ತೂತಿನ ಹತ್ತಿರ ಕೂತಿದ್ದ ವಯಸ್ಸಾದವರೊಬ್ಬರು ಎದ್ದು ಬಂದರು. "ಉಜ್ಜಬೇಡ, ಕಂಕುಳಲ್ಲಿಟ್ಟುಕೋ" ಅಂದರು. ಆಮೇಲೆ ತಮ್ಮ ಜೇಬಿನಿಂದ ಇನ್ನೊಂದು ಜೊತೆ ಕೈಗವಸು ತೆಗೆದು ಕೊಟ್ಟರು. ಮಿಟನ್, ಅಂದರೆ ನಾಲ್ಕು ಬೆರಳಿಗೂ ಒಂದೇ ಗೂಡು, ಹೆಬ್ಬೆರಳಿಗೆ ಬೇರೆ. ಕೈಯಲ್ಲಿ ಹೆಣೆದ ಬೂದು ಉಣ್ಣೆ, ಸ್ವಲ್ಪ ಒದ್ದೆಯೂ ಇತ್ತು. ಹಾಕಿಕೊಂಡು ಮುಖದ ಹತ್ತಿರ ತಂದೆ. ಒದ್ದೆ ಕುರಿಯ ವಾಸನೆ.

ಆ ವಾಸನೆ ನನಗೆ ಹೊಸದಾಗಿರಲಿಲ್ಲ. ತೀರ್ಥಹಳ್ಳಿ ಕಡೆ ನಮ್ಮ ಅಜ್ಜಯ್ಯನ ಕಂಬಳಿಕೊಪ್ಪೆಯದು ಅದೇ ವಾಸನೆ. ಆಷಾಢದ ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ಹಳ್ಳದ ದಡದಲ್ಲಿ ಎರೆಹುಳ ಸಿಕ್ಕಿಸಿದ ಗಾಳ ಹಿಡಿದು ಕೂತರೆ, ಕತ್ತಲಾಗುವವರೆಗೆ ಅವರು ಏಳುತ್ತಿರಲಿಲ್ಲ. ಕಂಬಳಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಒಳಗೆ ನುಸುಳಿ ಅವರ ಬೆನ್ನಿಗೆ ಒರಗಿದರೆ ಮಾತ್ರ ಹಂಡೆಯ ಪಕ್ಕ ಕೂತ ಹಾಗೆ ಬೆಚ್ಚಗೆ. ಪ್ಲಾಸ್ಟಿಕ್ ಕೊಪ್ಪೆ ಬಂದ ಮೇಲೂ ಅವರು ಕಂಬಳಿ ಬಿಡಲಿಲ್ಲ. "ಪ್ಲಾಸ್ಟಿಕ್ಕಿನೊಳಗೆ ಮೈ ಬೆವೆತು ಆಮೇಲೆ ಚಳಿ ಹಿಡಿಯುತ್ತೆ" ಅನ್ನುತ್ತಿದ್ದರು. ನನ್ನ ದುಬಾರಿ ಗ್ಲೌಸಿನಲ್ಲಿ ಆಗಿದ್ದೂ ಅದೇ.

ಉಣ್ಣೆಯ ಎಳೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಒಳಗೆ ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಎಳೆ ಗುಂಗುರು ಗುಂಗುರಾಗಿರುವುದರಿಂದ ನಡುವೆ ಗಾಳಿ ನಿಲ್ಲುತ್ತದೆ, ಆ ಗಾಳಿಯೇ ಬೆಚ್ಚಗಿಡುವುದು. ಹತ್ತಿ ಹಾಗಲ್ಲ. ಒದ್ದೆಯಾದರೆ ಮೈಗೆ ಅಂಟಿಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆಯುತ್ತದೆ. ಅದಕ್ಕೇ ಹತ್ತಿಯ ಒಳಪದರ ಇರುವ ಗ್ಲೌಸನ್ನು ನಾನು ಯಾರಿಗೂ ಹೇಳುವುದಿಲ್ಲ.

ಅಮೆರಿಕದ ಮೇನ್ ಕರಾವಳಿಯ ಹಳೆಯ ಮೀನುಗಾರರು ಉಣ್ಣೆಯ ಮಿಟನ್ನನ್ನು ಬೇಕೆಂದೇ ದೊಡ್ಡದಾಗಿ ಹೆಣೆಸಿ, ಕುಗ್ಗಿಸಿ ದಪ್ಪ ಮಾಡುತ್ತಿದ್ದರು. ದೋಣಿ ಹತ್ತಿದ ಮೇಲೆ ಸಮುದ್ರದ ನೀರಲ್ಲಿ ಅದ್ದಿ, ಹಿಂಡಿ, ಒದ್ದೆಯಾಗಿಯೇ ಹಾಕಿಕೊಳ್ಳುತ್ತಿದ್ದರು. ಐಸ್‌ಲ್ಯಾಂಡಿನಲ್ಲಿ ಒಂದೇ ಮಿಟನ್ನಿಗೆ ಎರಡು ಹೆಬ್ಬೆರಳು ಇರುತ್ತಿದ್ದವು. ಅಂಗೈ ಕಡೆ ಸವೆದರೆ ತಿರುಗಿಸಿ ಹಾಕಿಕೊಂಡರಾಯಿತು. ಕಂಬಳಿ ನೇಯುವ ನಮ್ಮ ಕುರುಬರೂ ಆ ಮಿಟನ್ ಹೆಣೆಯುತ್ತಿದ್ದ ಹೆಂಗಸರೂ ಒಬ್ಬರನ್ನೊಬ್ಬರು ಕಂಡವರಲ್ಲ, ಆದರೂ ಕುರಿಯನ್ನೇ ನಂಬಿದರು.

ಒಂದು ವ್ಯತ್ಯಾಸ ಮಾತ್ರ ಇದೆ, ಊರಿಂದ ಬಂದವರು ಇದನ್ನು ತಿಳಿದಿರಬೇಕು. ಮಲ್ಪೆ ಬಂದರಿನಲ್ಲಿ ಐಸ್ ಹಾಕಿದ ಮೀನು ವಿಂಗಡಿಸುವ ಹೆಂಗಸರ ಕೈ ಸೆಟೆದರೂ ಹೊರಗೆ ಬಿಸಿಲಿದೆ, ಚಳಿ ಇರುವುದು ನೀರಿನಲ್ಲಿ ಮಾತ್ರ. ಇಲ್ಲಿ ತಿರುಗುಮುರುಗು. ಮಂಜುಗಡ್ಡೆಯ ಕೆಳಗಿನ ನೀರು 0ಯಿಂದ 4 ಡಿಗ್ರಿ, ಮೇಲಿನ ಗಾಳಿ ಮೈನಸ್ 20. ತೂತಿನೊಳಗೆ ಕೈ ಅದ್ದಿದರೆ ಉಗುರುಬೆಚ್ಚಗೆ ಅನ್ನಿಸುತ್ತದೆ. ಅಪಾಯ ಇರುವುದು ಕೈ ಹೊರಗೆ ತೆಗೆದ ಆ ಒಂದೆರಡು ನಿಮಿಷದಲ್ಲಿ. ಹಾಗಾಗಿ ಪಕ್ಕದಲ್ಲಿ ಒಂದು ಟವೆಲ್ ಇಟ್ಟುಕೊಳ್ಳಿ. ಒರೆಸಿದ ಕೂಡಲೇ ಕೈ ಒಳಗೆ ಹೋಗಬೇಕು.

ನಾನು ಈಗ ಬಳಸುವುದು ಬೆರಳ ತುದಿ ಬಿಟ್ಟ ತೆಳು ಉಣ್ಣೆ ಗ್ಲೌಸ್, ಅದರ ಮೇಲೆ ಸಡಿಲವಾದ ಉಣ್ಣೆ ಮಿಟನ್. ಬೆರಳುಗಳು ಒಟ್ಟಿಗಿದ್ದರೆ ಒಂದರ ಬಿಸಿ ಇನ್ನೊಂದಕ್ಕೆ ಸಿಗುತ್ತದೆ. ಗಾಳಿ ಜೋರಿದ್ದರೆ ಮೇಲೆ ಒಂದು ತೆಳು ಕವಚ. ಸಡಿಲ ಅನ್ನುವುದು ಮುಖ್ಯ, ಬಿಗಿಯಾದರೆ ರಕ್ತ ಓಡಾಡುವುದಿಲ್ಲ. ಒಣಗಿದ ಇನ್ನೊಂದು ಜೊತೆ ಯಾವಾಗಲೂ ಕೋಟಿನೊಳಗೆ ಇರುತ್ತದೆ. ನಿಯೋಪ್ರೀನ್, ಅಂದರೆ ಒಂದು ಬಗೆಯ ಕೃತಕ ರಬ್ಬರಿನ ಗ್ಲೌಸ್, ಕೆಟ್ಟದ್ದೇನಲ್ಲ. ನವೆಂಬರಿನಲ್ಲಿ, 0 ಡಿಗ್ರಿ ಆಸುಪಾಸಿನಲ್ಲಿ ದೋಣಿಯಿಂದ ಹಿಡಿಯುವವರಿಗೆ ಸಾಕು. ಕೈಗೆ ಬಿಸಿ ಕೊಡುವ ಪೊಟ್ಟಣಗಳೂ ಒಳ್ಳೆಯವೇ, ಆದರೆ ಅವುಗಳಲ್ಲಿರುವುದು ಕಬ್ಬಿಣದ ಪುಡಿ, ಅದು ತುಕ್ಕು ಹಿಡಿಯುವಾಗ ಬಿಸಿ ಬರುತ್ತದೆ. ಗಾಳಿಯಾಡದ ಗ್ಲೌಸಿನೊಳಗೆ ಇಟ್ಟರೆ ಸುಮ್ನೆ ತಣ್ಣಗಾಗುತ್ತವೆ. ಇನ್ನೊಂದು ಮಾತು: ಮೀನನ್ನು ವಾಪಸ್ ಬಿಡುವುದಾದರೆ ಒಣ ಉಣ್ಣೆಯಲ್ಲಿ ಹಿಡಿಯಬೇಡಿ. ಅದರ ಮೈಮೇಲಿನ ಲೋಳೆ ಹೋದರೆ ಅದಕ್ಕೆ ರೋಗ ತಗಲಬಹುದು. ಬರಿಗೈ ಒದ್ದೆ ಮಾಡಿಕೊಂಡೇ ಹಿಡಿಯಿರಿ.

ನನಗೆ ಈಗಲೂ ಚಳಿ ಹತ್ತುವುದು ಮಣಿಕಟ್ಟಿನಲ್ಲಿ. ಕೋಟಿನ ತೋಳಿಗೂ ಗ್ಲೌಸಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಬರಿದಾಗಿ ಉಳಿಯುತ್ತದೆ, ರಕ್ತನಾಳ ಚರ್ಮಕ್ಕೆ ಹತ್ತಿರ ಇರುವುದೂ ಅಲ್ಲೇ. ಮೊನ್ನೆ ಅಮ್ಮನಿಗೆ ಫೋನ್ ಮಾಡಿ ಅಜ್ಜಯ್ಯನ ಕಂಬಳಿ ಇದೆಯಾ ಅಂತ ಕೇಳಿದೆ.

"ಅಟ್ಟದ ಮೇಲಿದೆ. ಒಂದು ಮೂಲೆ ಹುಳ ತಿಂದಿದೆ. ಈಗ ಅದರಲ್ಲಿ ಏನ್ ಮಾಡ್ತೀಯ ಮಾರಾಯ?"

"ಚೆನ್ನಾಗಿರೋ ಕಡೆಯಿಂದ ಒಂದು ಮೊಳ ಕತ್ತರಿಸಿಡು ಅಮ್ಮ. ಮಣಿಕಟ್ಟಿಗೆ ಪಟ್ಟಿ ಹೊಲಿಸ್ಕೋತೀನಿ."

"ಚುಚ್ಚುತ್ತಲ್ಲೋ" ಅಂದರು. ಆಮೇಲೆ ಅವರೇ, "ಒಂದು ಮೊಳ ಸಾಲಲ್ಲ, ಎರಡು ಕೈಗೆ ಬೇಕಲ್ಲ, ಒಂದೂವರೆ ಇಡ್ತೀನಿ" ಅಂದರು.