ಸೋಲುವ ತಂಡಕ್ಕೂ ಟಿಕೆಟ್ ಸಿಗದ ಊರಲ್ಲಿ

2021ರ ಬೇಸಿಗೆಯಲ್ಲಿ ಕೆಲಸದ ಮೇಲೆ ನೆಬ್ರಾಸ್ಕಾದ ಲಿಂಕನ್‌ಗೆ ಬಂದಿಳಿದೆ. ಪಕ್ಕದ ಮನೆಯ ಅಜ್ಜ ಕೈಕುಲುಕಿ ಹೆಸರು ಕೇಳಿದ, ಹೇಳಿದೆ. ಎರಡನೇ ಪ್ರಶ್ನೆ: "ನೀನು ಓದಿದ ಕಾಲೇಜಿನ ತಂಡ ಈ ವರ್ಷ ಹೇಗೆ ಆಡ್ತಿದೆ?" ಯಾವ ತಂಡ ಅಂತ ನಾನೇ ತಿರುಗಿ ಕೇಳಬೇಕಾಯ್ತು. "ಯಾವುದಾದ್ರೂ. ಅಲ್ಲಿ ಏನು ಆಡ್ತಾರೋ ಅದು." ನಾಲ್ಕು ವರ್ಷ ಓದಿ, ಸೆಮಿಸ್ಟರ್ ಸೆಮಿಸ್ಟರ್‌ಗೂ ಸ್ಪೋರ್ಟ್ಸ್ ಫೀ ಕಟ್ಟಿದ ಕಾಲೇಜು. ಕ್ರಿಕೆಟ್ ತಂಡ ಇರಬೇಕು ಅಂದೆ. ಪಾಪ ಅಜ್ಜ ಮುಂದೆ ಕೇಳಲಿಲ್ಲ. ಯಾರದೋ ಮನೆಯ ಸಾವಿನ ಸುದ್ದಿ ಅರಿಯದೆ ಕೆದಕಿದವನ ಮುಖ ಮಾಡಿಕೊಂಡು ಮಾತು ಹವಾಮಾನಕ್ಕೆ ತಿರುಗಿಸಿದ. ಅದು ಚುಚ್ಚಿದಷ್ಟು ಅವನು ನೇರವಾಗಿ ನಕ್ಕಿದ್ದರೂ ಚುಚ್ಚುತ್ತಿರಲಿಲ್ಲ.

ನೆಬ್ರಾಸ್ಕಾ ಸುಮಾರು ಇಪ್ಪತ್ತು ಲಕ್ಷ ಜನರ ರಾಜ್ಯ. ಮೆಕ್ಕೆಜೋಳ, ದನ, ಗಾಳಿ. ದೊಡ್ಡ ವೃತ್ತಿಪರ ಲೀಗ್‌ಗಳ ತಂಡ ಇಲ್ಲಿ ಒಂದೂ ಇಲ್ಲ. ಇರುವುದು ವಿಶ್ವವಿದ್ಯಾಲಯದ ಹುಡುಗರ ಫುಟ್‌ಬಾಲ್ ತಂಡ, ಹಸ್ಕರ್ಸ್. ಫುಟ್‌ಬಾಲ್ ಅಂದರೆ ಚೆಂಡು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕದ ಆಟ. ಶನಿವಾರ ಪಂದ್ಯವಿದ್ದರೆ ಮೆಮೋರಿಯಲ್ ಸ್ಟೇಡಿಯಂನಲ್ಲಿ ಕೂತವರ ಲೆಕ್ಕ ಹಿಡಿದರೆ ಒಮಾಹಾ, ಲಿಂಕನ್ ಬಿಟ್ಟು ರಾಜ್ಯದ ಮೂರನೇ ದೊಡ್ಡ ಊರು ಅದೇ. 1962ರ ನವೆಂಬರ್‌ನಿಂದ ಇಲ್ಲಿ ನಡೆದ ಪ್ರತಿ ಪಂದ್ಯಕ್ಕೂ ಟಿಕೆಟ್ ಪೂರ್ತಿ ಖರ್ಚಾಗಿದೆ. ನನಗೆ ಹಿಡಿಸಿದ್ದು ಆ ಸರಣಿ ಶುರುವಾದ ರೀತಿ: ಮೊದಲ ಪಂದ್ಯದಲ್ಲೇ ಮಿಸೌರಿ ವಿರುದ್ಧ ಸೋಲು. 2024ರಲ್ಲಿ 400ನೇ ಪಂದ್ಯ ಬಂತು, ಇಲಿನಾಯ್ ಎದುರು ಅದರಲ್ಲೂ ಸೋಲು.

ನಡುವೆ ಐದು ರಾಷ್ಟ್ರೀಯ ಚಾಂಪಿಯನ್‌ಶಿಪ್ ಬಂದು ಹೋಗಿವೆ, ಕೊನೆಯದು 1997ರಲ್ಲಿ. ಅದನ್ನು ನೋಡಿದವರು ಈಗ ಮಂಡಿ ಆಪರೇಷನ್ ಮಾಡಿಸಿಕೊಳ್ಳುವ ವಯಸ್ಸಿನವರು. ನನ್ನ ಪಾಲಿಗೆ ಬಂದದ್ದು 2021.

ಆ ವರ್ಷದ ಏರಿಳಿತ ಹೇಳಿದರೆ ನಂಬುವುದು ಕಷ್ಟ. ಆಗಸ್ಟ್‌ನಲ್ಲೇ ಇಲಿನಾಯ್ ಕೈಯಲ್ಲಿ ಸೋಲು. ಆಮೇಲೆ ಫೋರ್ಡಮ್‌ನಂಥ ಸಣ್ಣ ತಂಡದ ಮೇಲೆ 52-7. ಓಕ್ಲಹೋಮಾದಂಥ ಘಟಾನುಘಟಿ ಎದುರು ಬರೀ ಏಳು ಅಂಕದಿಂದ ಸೋತು ಊರಿನ ಆಸೆ ಹೆಚ್ಚಿಸಿದರು. ಮಿಷಿಗನ್ ಸ್ಟೇಟ್ ಹತ್ತಿರ ಓವರ್‌ಟೈಮ್‌ವರೆಗೆ ಎಳೆದು ಕೈಬಿಟ್ಟರು. ಮುಂದಿನ ವಾರ ನಾರ್ತ್‌ವೆಸ್ಟರ್ನ್ ಮೇಲೆ 56-7, ಇನ್ನೇನು ಎಲ್ಲ ಸರಿಹೋಯ್ತು ಅನ್ನುವಷ್ಟು ಅಬ್ಬರ. ಆಮೇಲೆ ಗೆಲುವೇ ಇಲ್ಲ, ಆರಕ್ಕೆ ಆರೂ ಹೋದವು. ಹನ್ನೆರಡರಲ್ಲಿ ಗೆದ್ದದ್ದು ಮೂರು, ಸೋತದ್ದು ಒಂಬತ್ತು. ಆ ಒಂಬತ್ತರಲ್ಲಿ ಒಂದೂ ಹತ್ತು ಅಂಕದ ಸೋಲಲ್ಲ. ಇಡೀ ವರ್ಷದ ಅಂಕ ಕೂಡಿಸಿದರೆ ಇವರು ಹೊಡೆದದ್ದು 335, ಬಿಟ್ಟುಕೊಟ್ಟದ್ದು 272. ಇಷ್ಟಿದ್ದೂ ಒಂಬತ್ತು ಸೋಲು. ಕೊನೆಯ ಪಂದ್ಯ ಪಕ್ಕದ ರಾಜ್ಯದ ಅಯೋವಾ ಮೇಲೆ. 21-6ರಿಂದ ಮುಂದಿದ್ದವರು 28-21ಕ್ಕೆ ಸೋತು ಮನೆಗೆ ಹೋದರು. ಇಂಥ ತಂಡ ನಮ್ಮ ಕಡೆ ಇದ್ದಿದ್ದರೆ ಪ್ರಿನ್ಸಿಪಾಲರ ಕೊಠಡಿಯ ಕಿಟಕಿ ಗಾಜು ಉಳಿಯುತ್ತಿರಲಿಲ್ಲ ಅಂದುಕೊಂಡೆ. ಆಮೇಲೆ ಯೋಚಿಸಿದರೆ ಅದೂ ಸುಳ್ಳು. ನಮ್ಮ ಕಡೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಮಿಷಿಗನ್ ಪಂದ್ಯಕ್ಕೆ (ಮಿಷಿಗನ್ ಸ್ಟೇಟ್ ಬೇರೆ, ಇದು ಬೇರೆ ವಿಶ್ವವಿದ್ಯಾಲಯ) ಅಜ್ಜ ನನ್ನನ್ನು ಕರೆದುಕೊಂಡು ಹೋದ. ಅವನ ಎರಡು ಸೀಟು ಅಪ್ಪನಿಂದ ಬಂದದ್ದು, ಪಹಣಿಯಲ್ಲಿ ಹೆಸರು ಕೂರಿಸಿಕೊಂಡ ಹಾಗೆ. ಹೆಂಡತಿಗೆ ಮೆಟ್ಟಿಲು ಹತ್ತಲಾಗದು ಅಂತ ಅವಳ ಸೀಟು ನನಗೆ. ಅಕ್ಟೋಬರ್ ರಾತ್ರಿ, ಎಲ್ಲಿ ನೋಡಿದರೂ ಕೆಂಪು. ನಮ್ಮ ತಂಡದ ಮೊದಲ ಅಂಕ ಬಿದ್ದ ಕೂಡಲೇ ಸಾವಿರಾರು ಕೆಂಪು ಬಲೂನು ಮೇಲಕ್ಕೆ ಹೋದವು. ಮರುವರ್ಷ ಹೀಲಿಯಂ ಅಭಾವ ಅಂತ ಆ ಪದ್ಧತಿ ನಿಲ್ಲಿಸಿದರು, ನನಗೆ ಒಮ್ಮೆಯಾದರೂ ನೋಡಸಿಕ್ಕಿತು. ಮುಂದಿನ ಸಾಲಿನಲ್ಲಿ ಒಬ್ಬಾಕೆ ಮಡಿಲಲ್ಲಿ ಮಗು ಮಲಗಿಸಿಕೊಂಡೇ ರೆಫ್ರಿಯನ್ನು ಬೈಯುತ್ತಿದ್ದಳು, ಮಗು ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿಕೊಂಡು ನಿದ್ದೆ ಹೊಡೆಯುತ್ತಿತ್ತು. ಪಂದ್ಯ 29-29ಕ್ಕೆ ಬಂದು ನಿಂತಿದೆ, ಕೊನೆಯ ಎರಡು ನಿಮಿಷ. ನಮ್ಮ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿ ನಡೆಸುವವನು, ಏಡ್ರಿಯನ್ ಮಾರ್ಟಿನೆಜ್ ಚೆಂಡು ಹಿಡಿದು ನುಗ್ಗಿದ, ನಾಲ್ಕಾರು ಜನ ಮುತ್ತಿಕೊಂಡರು, ಚೆಂಡು ಕೈತಪ್ಪಿ ಎದುರಾಳಿಯ ಪಾಲಾಯಿತು. ಮಿಷಿಗನ್‌ನವರು ಒಂದು ಫೀಲ್ಡ್ ಗೋಲ್ ಒದ್ದು 32-29 ಮಾಡಿದರು. ಅಲ್ಲಿಗೆ ಮುಗೀತು.

ನಾನು ಎದ್ದು ಹೊರಟೆ. ಬೇಗ ಹೋದರೆ ಪಾರ್ಕಿಂಗ್‌ನಿಂದ ಬೇಗ ಈಚೆ ಬರಬಹುದಲ್ಲ, ಚಿನ್ನಸ್ವಾಮಿಯಲ್ಲಿ ಕಲಿತ ಬುದ್ಧಿ. ಅಜ್ಜ ಕೈ ಹಿಡಿದು ಕೂರಿಸಿದ. ಗೆದ್ದ ಮಿಷಿಗನ್ ಹುಡುಗರು ಒಳಗೆ ಹೋಗುವ ದಾರಿಯ ಪಕ್ಕ ಕೆಂಪಂಗಿಯವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಎದುರಾಳಿಗೆ. ಇದು ಇಲ್ಲಿನ ಹಳೇ ರೂಢಿಯಂತೆ, ಗೆದ್ದರೂ ಸೋತರೂ. ಗಂಟಲು ಕಟ್ಟಿಹೋಗುವಷ್ಟು ಹೊತ್ತು ಬೈದ ಅದೇ ಜನ. ಕುಡಿದ ಮತ್ತು ಅನ್ನೋಣವೆಂದರೆ ಆಗ ಸ್ಟೇಡಿಯಂ ಒಳಗೆ ಬಿಯರ್ ಕೂಡ ಮಾರುತ್ತಿರಲಿಲ್ಲ. ಚಿನ್ನಸ್ವಾಮಿಯಲ್ಲಿ ಎದುರಾಳಿ ಸಿಕ್ಸ್ ಹೊಡೆದಾಗ ಕರೆಂಟ್ ಹೋದಂತೆ ಸದ್ದಡಗುವುದು ಗೊತ್ತಿದ್ದ ನನಗೆ ಇದನ್ನು ಹೇಗೆ ತೆಗೆದುಕೊಳ್ಳಬೇಕೋ ತಿಳಿಯಲಿಲ್ಲ.

ಅವತ್ತು ರಾತ್ರಿ ನೆನಪಾದದ್ದು ನಮ್ಮ ಹಾಸ್ಟೆಲಿನ ಕಬಡ್ಡಿ ಹುಡುಗರು. ಇಂಟರ್ ಕಾಲೇಜಿಯೇಟ್ ಇದ್ದ ದಿನ ಬೆಳಗಿನ ಜಾವ ಕೆಂಪು ಬಸ್ಸಿಗೆ ಓಡುತ್ತಿದ್ದರು. ಜರ್ಸಿಯ ಬೆನ್ನ ಮೇಲೆ ಹಿಂದಿನ ವರ್ಷದವನ ಹೆಸರು, ಅದರ ಮೇಲೆ ಅಂಟಿಸಿದ ಬಿಳಿ ಪಟ್ಟಿ. ಪಿಟಿ ಮೇಷ್ಟ್ರ ಕೈಚೀಲದಲ್ಲಿ ಗ್ಲೂಕೋಸ್ ಡಬ್ಬಿ, ಒಂದು ಐಯೋಡೆಕ್ಸ್. ಜೊತೆಗೆ ಹೋಗುವವರು? ಯಾರೂ ಇಲ್ಲ. ಯಾವ ಊರಲ್ಲಿ, ಯಾರ ಮೇಲೆ ಆಟ ಅಂತಲೂ ನಾವು ಕೇಳುತ್ತಿರಲಿಲ್ಲ. ರಾತ್ರಿ ಮೆಸ್ ಮುಚ್ಚಿದ ಮೇಲೆ ಮೊಣಕೈ ತರಚಿಕೊಂಡು ಬಂದರೆ ಅಡುಗೆಯವರು ಉಳಿದ ಚಿತ್ರಾನ್ನ ಹಾಕುತ್ತಿದ್ದರು. ಗೆದ್ದರೆ ನೋಟಿಸ್ ಬೋರ್ಡು, ಸೋತರೆ ಅಟೆಂಡೆನ್ಸ್ ಶಾರ್ಟೇಜು, ಇಷ್ಟೇ ವ್ಯವಸ್ಥೆ. ಅವರಲ್ಲೊಬ್ಬ ಯೂನಿವರ್ಸಿಟಿ ತಂಡಕ್ಕೇ ಆಡಿ ಯೂನಿವರ್ಸಿಟಿ ಬ್ಲೂ ಆದ. ಅವನು ಯಾವ ಆಟದಲ್ಲಿ ಆದ ಅಂತ ನಮ್ಮ ಬ್ಯಾಚಿನ ಅರ್ಧ ಜನಕ್ಕೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ. "ಸ್ಪೋರ್ಟ್ಸ್ ಕೋಟಾದವನು" ಅಂತ ಮಾತ್ರ ಎಲ್ಲರಿಗೂ ಗೊತ್ತು.

ನಮ್ಮ ಜನಕ್ಕೆ ಅಭಿಮಾನ ಕಡಿಮೆ ಅಂತ ಯಾರೂ ಹೇಳಲಾರರು. ಬಾವುಟ ಕಟ್ಟುವುದಕ್ಕೆ, ಕಟೌಟಿಗೆ ಹಾಲು ಸುರಿಯುವುದಕ್ಕೆ ನಾವು ಸದಾ ಸಿದ್ಧ. ಆದರೆ ನಮ್ಮ ಅಭಿಮಾನಕ್ಕೆ ದೊಡ್ಡ ಹೆಸರು ಬೇಕು, ಟಿವಿ ಬೇಕು. ಪಕ್ಕದ ಬೆಂಚಿನ ಹುಡುಗ ಆಡಿದರೆ ಅದು ಟೈಂಪಾಸು. ಕಾಲೇಜುಗಳೂ ಹಾಗೇ ಇವೆ. ಈಚೆಗೆ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿನಲ್ಲಿ ದೇಣಿಗೆ ಎತ್ತಿದರು, ಕಾಲೇಜಿಗೆ ಮಹಾದ್ವಾರ ಕಟ್ಟಿಸಲು. ಮೈದಾನಕ್ಕೆ ಕೊಡಬಹುದಲ್ಲ ಅಂದೆ. ಮೈದಾನದಲ್ಲಿ ಈಗ ಹೊಸ ಬ್ಲಾಕ್ ಎದ್ದಿದೆಯಂತೆ, ಪಾರ್ಕಿಂಗ್ ಸಮೇತ. ಮಹಾದ್ವಾರಕ್ಕೆ ನಾನೂ ಕೊಟ್ಟೆ, ಬಿಡಿ.

ಇಲ್ಲಿ ಎಲ್ಲ ದೇವಲೋಕ ಅಂತ ಹೇಳಿದರೆ ಅಜ್ಜನೇ ನಗುತ್ತಾನೆ. ಆ ಟಿಕೆಟ್ ಸರಣಿಯ ವಿಚಾರವನ್ನೇ ತಗೊಳ್ಳಿ. 2021ರಲ್ಲಿ ಅದು ಮುರಿಯುವ ಹಂತಕ್ಕೆ ಬಂದಿತ್ತು. ಮಿಕ್ಕ ಟಿಕೆಟ್ಟನ್ನು ದಾನಿಗಳು ಕೊಂಡು ಅನುಕೂಲವಿಲ್ಲದ ಮನೆಗಳ ಮಕ್ಕಳಿಗೆ ಕೊಡಿಸಿ ದಾಖಲೆ ಉಳಿಸಿದರು. ಒಳ್ಳೆಯ ಕೆಲಸವೇ, ಆದರೆ ಅದನ್ನು ಜನಸಾಗರ ಅನ್ನಲು ಬಾಯಿ ಬರುವುದಿಲ್ಲ. ಕೋಚ್ ಸ್ಕಾಟ್ ಫ್ರಾಸ್ಟ್ ಇದೇ ಕಾಲೇಜಿಗೆ 1997ರ ಕಪ್ ತಂದುಕೊಟ್ಟ ಕ್ವಾರ್ಟರ್‌ಬ್ಯಾಕ್. ವರ್ಷಕ್ಕೆ 50 ಲಕ್ಷ ಡಾಲರ್ ಸಂಬಳ, ಮೂರು ಗೆಲುವಿನ ಆ ಋತುವಿನ ಕೊನೆಗೆ ಅದನ್ನು 40 ಲಕ್ಷಕ್ಕೆ ಇಳಿಸಿಕೊಂಡು ಉಳಿದ. ಮರುವರ್ಷ ಸೆಪ್ಟೆಂಬರ್‌ನಲ್ಲಿ ತೆಗೆದರು, ತೆಗೆದದ್ದಕ್ಕೆ ಒಂದೂವರೆ ಕೋಟಿ ಡಾಲರ್ ಕೊಟ್ಟರು. ಮೂರು ವಾರ ತಡೆದಿದ್ದರೆ ಅರ್ಧ ಹಣ ಉಳಿಯುತ್ತಿತ್ತು, ಅಷ್ಟೂ ತಾಳ್ಮೆ ಇರಲಿಲ್ಲ. ಆಡುವ ಹುಡುಗರು ತಮ್ಮ ಹೆಸರಿನಿಂದ ದುಡ್ಡು ಮಾಡಿಕೊಳ್ಳಬಹುದು ಅಂತ ಅಪ್ಪಣೆ ಸಿಕ್ಕಿದ್ದೇ 2021ರ ಜುಲೈನಲ್ಲಿ. ಇನ್ನು ಮಾರ್ಟಿನೆಜ್. ಅವನ ದವಡೆ ಮಿಷಿಗನ್ ಸ್ಟೇಟ್ ಪಂದ್ಯದಲ್ಲೇ ಮುರಿದಿತ್ತಂತೆ, ಅದನ್ನಿಟ್ಟುಕೊಂಡೇ ವಾರ ವಾರ ಆಡಿದ. ನಾವು ಚೆಂಡು ಬಿಟ್ಟನಲ್ಲ ಅಂತ ಹಲುಬಿದ ರಾತ್ರಿ ಅವನು ಮುರಿದ ದವಡೆಯಲ್ಲಿದ್ದ. ಋತು ಮುಗಿದ ಮೇಲೆ ಕ್ಯಾನ್ಸಸ್ ಸ್ಟೇಟ್‌ಗೆ ಹೊರಟುಹೋದ. ಅವನಿಗೆ ಚಪ್ಪಾಳೆಗಿಂತ ಬೈಗುಳವೇ ಹೆಚ್ಚು ಸಿಕ್ಕಿತ್ತು, ಅದೂ ಇದೇ ಸಭ್ಯ ಜನರಿಂದ.

ಆದರೂ ಜನ ಬಂದರು. 2023ರಲ್ಲಿ ಐದು ಗೆದ್ದು, ಆರನೆಯದು ಸಿಕ್ಕಿದರೆ ಋತುವಿನ ಕೊನೆಗೆ ನಡೆಯುವ ಬೌಲ್ ಪಂದ್ಯಕ್ಕೆ ಅರ್ಹತೆ ಅನ್ನುವಾಗ ಕೊನೆಯ ನಾಲ್ಕೂ ಸೋತರು. ಬಂದರು. 2024ರಲ್ಲಿ ವಿಸ್ಕಾನ್ಸಿನ್ ಮೇಲೆ ಆ ಆರನೇ ಗೆಲುವು ಕೊನೆಗೂ ಸಿಕ್ಕಾಗ ಪ್ರಪಂಚ ಗೆದ್ದವರಂತೆ ಮೈದಾನಕ್ಕೆ ನುಗ್ಗಿದರು. 2016ರ ನಂತರದ ಮೊದಲ ಬೌಲ್. ಐದು ಚಾಂಪಿಯನ್‌ಶಿಪ್ ಕಂಡವರು ಅರ್ಧ ಗೆದ್ದು ಅರ್ಧ ಸೋತದ್ದಕ್ಕೆ ಹೀಗೆ ಕುಣಿಯುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚೇ ಆಯಿತು.

ಇದನ್ನೆಲ್ಲ ಒಮಾಹಾದಲ್ಲಿರುವ ಕೊಡಗಿನ ಗೆಳೆಯನ ಮುಂದೆ ಕೊಚ್ಚಿಕೊಂಡೆ. ಅವನು ಮೊದಲು ಆರ್‌ಸಿಬಿ ಎತ್ತಿದ. 2008ರಿಂದ 2025ರವರೆಗೆ ಒಂದು ಕಪ್ಪಿಗೆ ಕಾದವರು ಯಾರು ಅಂದ. ಕಾದರು ನಿಜ, ಆದರೆ ಹರಾಜಿನಲ್ಲಿ ಕೊಂಡ ಆಟಗಾರರಿಗೆ ಕಾದರು ಅಂತ ವಾದಿಸಿದೆ. ಇಲ್ಲಿನ ಹುಡುಗರೂ ಈಗ ವರ್ಷಕ್ಕೊಂದು ಕಾಲೇಜು ಬದಲಾಯಿಸುತ್ತಾರೆ ಅಂತ ಅವನು ಬಾಯಿ ಮುಚ್ಚಿಸಿದ. ಆಮೇಲೆ ತನ್ನ ಊರಿನ ಕೊಡವ ಹಾಕಿ ಪಂದ್ಯಾವಳಿಯ ಮಾತು ತೆಗೆದ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ್ದು, ಮನೆತನಕ್ಕೊಂದು ತಂಡ, ಈಗ ಮುನ್ನೂರು ದಾಟಿವೆ. ಇವನ ಮನೆತನ ಹೋದ ಸಲವೂ ಮೊದಲ ಸುತ್ತಿನಲ್ಲೇ ಔಟು. ಚಿಕ್ಕಪ್ಪ, ಅವರ ಮಗಳು, ಸೊಸೆ, ಎಲ್ಲ ಒಂದೇ ತಂಡದಲ್ಲಿ ಆಡಿ ಸೋತು, ಮುಂದಿನ ವರ್ಷಕ್ಕೆ ಆಗಲೇ ರಜೆ ಬರೆದಿಟ್ಟಿದ್ದಾರಂತೆ. "ನಿನ್ನ ಲಿಂಕನ್‌ನಲ್ಲಿ ಆಡೋರು ನೂರು ಜನ, ನೋಡೋರು ಎಂಬತ್ತು ಸಾವಿರ. ನಮ್ಮಲ್ಲಿ ನೋಡೋಕೆ ಬಂದೋರೂ ನಾಳೆ ಆಡ್ತಾರೆ," ಅಂದ.

ಒಪ್ಪಬೇಕಾಯ್ತು. ಕರ್ನಾಟಕದಲ್ಲಿ 31 ಜಿಲ್ಲೆ ಇವೆ ಮಾರಾಯ, ಉಳಿದ 30ರ ಕತೆ ಹೇಳು ಅಂದೆ.