ಗುಲಾಬಿಗೆ ಕಂಬಳಿ ಹೊದಿಸಿದ್ದು

ಹೊಸ ಕತ್ತರಿ ಕೈಗೆ ಬಂದ ದಿನ ಮನುಷ್ಯನನ್ನು ತೋಟಕ್ಕೆ ಬಿಡಬಾರದು. ನನ್ನನ್ನು ಬಿಟ್ಟರು.

ಆಗ ಎಲೆ ಉದುರುವ ಕಾಲ. ಗುಲಾಬಿ ಗಿಡ ಅಡ್ಡಾದಿಡ್ಡಿ ಬೆಳೆದು ಕೆದರಿದ ತಲೆಯ ಹಾಗಿತ್ತು. ಹಿಮ ಬೀಳುವ ಮುಂಚೆ ನೀಟಾಗಿ ಕ್ಷೌರ ಮಾಡಿಬಿಡೋಣ ಅಂತ ಹೊರಟೆ. ಆಮೇಲೆ ಪಾಪ, ಗಿಡ ಸೊರಗಿತಲ್ಲ ಅಂತ ಒಂದು ಬೊಗಸೆ ಗೊಬ್ಬರವನ್ನೂ ಹಾಕಿದೆ.

ಸ್ವಲ್ಪ ದಿನಕ್ಕೇ ಕೆಂಪು ಕೆಂಪು ಚಿಗುರು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಮರುವಾರ ಮೊದಲ ಹಿಮ ಬಿತ್ತು. ಬೆಳಿಗ್ಗೆ ನೋಡಿದರೆ ಚಿಗುರೆಲ್ಲ ಬಿಸಿನೀರಲ್ಲಿ ಅದ್ದಿ ತೆಗೆದ ಹಾಗೆ ಕಪ್ಪಾಗಿ ಜೋತುಬಿದ್ದಿತ್ತು.

ಪಕ್ಕದ ಮನೆಯ ಹಿರಿಯರೊಬ್ಬರು ಬೇಲಿಯಾಚೆಯಿಂದ ನೋಡಿ, "ಮಲಗೋ ಹೊತ್ತಲ್ಲಿ ಮಗುವನ್ನು ಆಟಕ್ಕೆ ಎಬ್ಬಿಸಿದ್ದೀರಿ" ಅಂದರು. ಕತ್ತರಿಸಿದರೆ ಗಿಡ ಚಿಗುರುತ್ತದೆ, ಎಳೆ ಚಿಗುರು ಹಿಮಕ್ಕೆ ತಡೆಯುವುದಿಲ್ಲ. ಮೊದಲ ಹಿಮಕ್ಕೆ 6-8 ವಾರ ಇರುವಾಗಲೇ ಗೊಬ್ಬರ ನಿಲ್ಲಿಸಬೇಕಂತೆ. ಬಾಡಿದ ಹೂವನ್ನೂ ಕೀಳದೆ ಕಾಯಿ ಕಟ್ಟಲು ಬಿಡಬೇಕಂತೆ. ಕಾಯಿ ಕಟ್ಟಿದ ಗಿಡ ಈ ವರ್ಷದ ಕೆಲಸ ಮುಗೀತು ಅಂತ ನಿದ್ದೆಗೆ ಇಳಿಯುತ್ತದೆ, ಕಾಂಡ ಬಲಿಯುತ್ತದೆ. ನಾನು ಮೂರನ್ನೂ ಉಲ್ಟಾ ಮಾಡಿದ್ದೆ.

ಇನ್ನು ಬುಡಕ್ಕೆ ಒಂದಡಿಯಷ್ಟು ಮಣ್ಣು ಏರಿಸಬೇಕು ಅಂತಲೂ ಹೇಳಿದರು. ಮಣ್ಣು ಎಲ್ಲಿಂದ ತರೋದು? ಗಿಡದ ಪಕ್ಕದಲ್ಲೇ ಇತ್ತಲ್ಲ, ಅಗೆದೆ. ಬುಡದಲ್ಲಿ ಚಂದದ ಗುಡ್ಡೆ ಎದ್ದಿತು. ಆಚೆ ಈಚೆ ಬೇರು ಹೊರಗೆ ಬಂತು. ತಲೆಗೆ ಟೋಪಿ ಹಾಕಲು ಹೋಗಿ ಚಡ್ಡಿ ಬಿಚ್ಚಿದ ಹಾಗಾಯಿತು.

ಆ ಅಪರಾಧಕ್ಕೆ ಪ್ರಾಯಶ್ಚಿತ್ತ ಅಂತ ಒಂದು ಹಳೇ ಕಂಬಳಿ ಹೊದಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಹಗ್ಗ ಬಿಗಿದೆ. ರಾತ್ರಿ ಮಲಗುವಾಗ ಅದೂ ಬೆಚ್ಚಗೆ, ನಾನೂ ಬೆಚ್ಚಗೆ ಅನ್ನುವ ಸಮಾಧಾನ.

ಬೆಚ್ಚಗಿಡುವುದೇ ತಪ್ಪು ಅಂತ ನನಗೇನು ಗೊತ್ತು! ಚಳಿ ಒಂದೇ ಸಮ ಇದ್ದರೆ ಗುಲಾಬಿ ತೆಪ್ಪಗೆ ಮಲಗಿರುತ್ತದೆ. ಹಗಲು ಬಿಸಿಲಿಗೆ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿ, ಹೀಗೆ ಎಳೆದಾಡಿದರೆ ತೊಗಟೆ ಬಿರಿಯುತ್ತದೆ, ಉಬ್ಬಿದ ನೆಲ ಬೇರನ್ನೇ ಮೇಲೆತ್ತುತ್ತದೆ. ಮಣ್ಣು ಏರಿಸುವುದು ತಣ್ಣಗಿದ್ದದ್ದನ್ನು ತಣ್ಣಗೇ ಇಡಲಿಕ್ಕೆ. ನನ್ನ ಪ್ಲಾಸ್ಟಿಕ್ ಗುಡಾರದೊಳಗೆ ಮಾತ್ರ ಮಧ್ಯಾಹ್ನ ಬೇಸಿಗೆ, ಮಧ್ಯರಾತ್ರಿ ಚಳಿಗಾಲ. ಚಳಿ ಇಳಿದ ಮೇಲೆ ಬಿಚ್ಚಿ ನೋಡಿದರೆ ಕೊಂಬೆಗೆ ಬೂಸಲು. ಕಂಬಳಿಯಲ್ಲಿ ಒಂದು ಇಲಿ ಸಂಸಾರ. ವಸತಿಯ ಜೊತೆ ತೊಗಟೆಯೂ ಅವಕ್ಕೆ ಉಚಿತವಾಗಿ ಸಿಕ್ಕಿತ್ತು. ಚಳಿಗಾಲವನ್ನು ಸುಖವಾಗಿ ಕಳೆದವು ಅವು ಮಾತ್ರ.

ಆಮೇಲೆ ನಿಜವಾದ ಕತ್ತರಿ ಕೆಲಸ. ಮೊಗ್ಗುಕಣ್ಣು ಉಬ್ಬಲು ಶುರುವಾದಾಗ ಸವರಬೇಕು. ಕೊಂಬೆಯ ತಿರುಳು ಕಂದಾಗಿದ್ದರೆ ಅದು ಸತ್ತಿದೆ, ಬಿಳಿ ಅಥವಾ ತಿಳಿ ಹಸಿರು ತಿರುಳು ಸಿಗುವ ತನಕ ಕೆಳಗೆ ಇಳಿಯುತ್ತಾ ಹೋಗಬೇಕು. ಹೊರಗೆ ಮುಖ ಮಾಡಿದ ಕಣ್ಣಿನಿಂದ ಕಾಲು ಇಂಚು ಮೇಲೆ, 45 ಡಿಗ್ರಿ ಓರೆಯಾಗಿ ಕತ್ತರಿಸಬೇಕು. ಇಷ್ಟು ಓದಿ ನಾನು ಮಗನ ಕಂಪಾಸ್ ಡಬ್ಬಿಯಿಂದ ಕೋನಮಾಪಕ ಎತ್ತಿಕೊಂಡು ಹೋದೆ. ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಕೋನಮಾಪಕ, ಕೊಂಬೆ ಹಿಡಿಯಲು ಮೂರನೇ ಕೈ ಇಲ್ಲ. ಗಲ್ಲದಿಂದ ಒತ್ತಿಹಿಡಿದೆ. ಮುಳ್ಳು ಇರುವುದು ನೆನಪಿರಲಿಲ್ಲ.

"ರೀ, ಗಡ್ಡ ಬೋಳಿಸುವಾಗ ಕೊಯ್ದುಕೊಂಡಿದ್ದು ಅಂತ ಹೇಳಿ ಆಫೀಸಲ್ಲಿ" ಅಂದಳು ಹೆಂಡತಿ, ಹತ್ತಿ ಒತ್ತುತ್ತಾ.

ಮೇಲಿಂದ ಬುಡದ ತನಕ ಕಂದು ತಿರುಳೇ ಸಿಕ್ಕಿತು. ಗಿಡ ಕಥೆ ಮುಗಿಸಿತು ಅಂದುಕೊಳ್ಳುವಷ್ಟರಲ್ಲಿ ಮಣ್ಣಿನೊಳಗಿಂದ ಚಿಗುರು! ಬೇಸಿಗೆಗೆ ಹೂವೂ ಬಂತು. ನಾನು ನೆಟ್ಟಿದ್ದು ತಿಳಿ ಗುಲಾಬಿ ಬಣ್ಣದ್ದು, ಅರಳಿದ್ದು ಕಡುಗೆಂಪು. "ಚಳಿ ಜಾಸ್ತಿಯಾದರೆ ಬಣ್ಣ ಗಾಢವಾಗುತ್ತೆ" ಅಂತ ವಾದಿಸಿದೆ. "ನೀವು ಹಿಡಿದ ಮೊಲಕ್ಕೆ ಮೂರೇ ಕಾಲು ಬಿಡಿ" ಅಂದಳು.

ಬೇಲಿಯಾಚೆಯಿಂದ ತೀರ್ಪು ಬಂತು. ಕಸಿ ಕಟ್ಟಿದ್ದ ಮೇಲಿನ ಗಿಡ ಸತ್ತಿದೆ, ಅದಕ್ಕೆ ಬೇರು ಕೊಟ್ಟಿದ್ದ ಕೆಳಗಿನ ಬೇರೆ ತಳಿಯ ಬೇರುಗಿಡ ಎದ್ದಿದೆ. ಆ ಬೇರುಗಿಡದ ತಳಿ, 1920ರಲ್ಲಿ ಬಂದದ್ದು, ಹೆಸರು 'ಡಾಕ್ಟರ್ ಹ್ಯೂಯಿ'. ಅಂದರೆ ರೋಗಿ ಹೋದ, ಡಾಕ್ಟರ್ ಉಳಿದ.

ಮುಂದಿನ ಗಿಡವನ್ನು ಬುದ್ಧಿ ಕಲಿತು ನೆಟ್ಟೆ. ಕಸಿಯ ಗಂಟನ್ನು 2-4 ಇಂಚು ಮಣ್ಣೊಳಗೇ ಇಳಿಸಿದೆ, ಮೇಲೆ ಒಣಗಿದರೂ ಅದೇ ಗುಲಾಬಿ ಮತ್ತೆ ಚಿಗುರಲಿ ಅಂತ. ಗೊಬ್ಬರ ಹೊತ್ತಿಗೆ ನಿಲ್ಲಿಸಿದೆ, ಮಣ್ಣು ಬೇರೆ ಕಡೆಯಿಂದ ಹೊತ್ತು ತಂದೆ. ಕಂಬಳಿ ನನಗೇ ಇಟ್ಟುಕೊಂಡೆ. ಎಲ್ಲ ಸರಿಯಾಗಿಯೇ ಇತ್ತು, ಹಿಮದ ರಾಶಿ ಮೊಣಕಾಲೆತ್ತರ ಬೀಳುವ ತನಕ.

ಒಂದು ಬೆಳಿಗ್ಗೆ ನೋಡಿದರೆ ಹಿಮದ ಮೇಲಿದ್ದ ಕೊಂಬೆಯೆಲ್ಲ ಮಾಯ. ಹತ್ತಿರ ಹೋಗಿ ಬಗ್ಗಿದೆ. ಒಂದೊಂದು ತುದಿಯೂ ಬ್ಲೇಡಿನಿಂದ ಕೊಯ್ದ ಹಾಗೆ ನುಣುಪು, ಓರೆ. ಮೊಲದ ಹಲ್ಲಿನ ಕೆಲಸ. ನಂಬಿಕೆಯಾಗದೆ ಒಳಗೆ ಹೋಗಿ ಕೋನಮಾಪಕ ತಂದು ಹಿಡಿದೆ. ಹೆಚ್ಚು ಕಡಿಮೆ 45 ಡಿಗ್ರಿ. ಗಲ್ಲಕ್ಕೆ ಗಾಯ ಮಾಡಿಕೊಂಡು ನಾನು ಕತ್ತರಿಸಿದ್ದು ಒಂದೂ ಅಷ್ಟು ಚಂದ ಬಂದಿರಲಿಲ್ಲ.

ಹಿಮದಲ್ಲಿ ಹೆಜ್ಜೆ ಗುರುತು ಬೇಲಿಯವರೆಗೂ ಹೋಗಿತ್ತು. ಮೊಲ ಕುಪ್ಪಳಿಸುವಾಗ ಹಿಂಗಾಲು ಮುಂದೆ ಬೀಳುತ್ತದೆ. ಉದ್ದದ ಎರಡು ಗುರುತು ಅಕ್ಕಪಕ್ಕ ಇದ್ದವು. ಹಿಂದೆ ಮುಂಗಾಲು ಎರಡೂ ಒಂದೇ ಗುಳಿಗೆ ಬಿದ್ದಿದ್ದವು.

ಕಿಟಕಿ ತೆರೆದು ಹೆಂಡತಿ ಕೇಳಿದಳು, "ಏನ್ರೀ ಅದು, ಬಗ್ಗಿಕೊಂಡು ಎಣಿಸ್ತಿದ್ದೀರಿ?"

"ಕಾಲು" ಅಂದೆ. "ಬಂದು ನೋಡು ಬೇಕಾದರೆ. ಮೂರೇ ಇದೆ."